ಸೂರೊಲ್ಲದ ದೇವರು, ದೊಡ್ಡಮಾವನ ಶನಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಗುಡ್ಡದ ಮೇಲೆ ದುರ್ಬೀನು ಬರಲಿಲ್ಲ. ಈಗಲೂ ಸಿದ್ದಾಪುರ ಪೇಟೆಯಲ್ಲಿ ಯಾರಾದರೂ ಎದುರಾಗಿ ನಿಮ್ಮೂರ ದುರ್ಬೀನು ಎಂತಾ ಆತು ಎಂದು ಹಲ್ಲು ಕಿರಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬರದೇ ಇದ್ದ ಒಂದು ಕೊಳವೆಗಾಗಿ ವರ್ಷಕ್ಕೂ ಮಿಕ್ಕಿ ಚಾ ಕಾಸಿದವಳು ನಾನು. ಬೇಕು ಎನ್ನುವವರಿಗೂ ಚಾ, ಬೇಡ ಎನ್ನುವವರಿಗೂ ಚಾ. ಇನ್ನೂ ಯಾವ ಕಡೆ ಎಂದು ತೀರ್ಮಾನಿಸದವರು ಎರಡೂ ಸಭೆಗೆ ಬಂದು ಎರಡೆರಡು ಸಲ ಕುಡಿದು ಹೋಗುತ್ತಿದ್ದರು.

ನಾನು ಮಂಚಿಕೇರಿ ಕಡೆಯವಳು. ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಸಿದ್ದಾಪುರದ ಈ ಊರಿಗೆ ಬಂದೆ. ಬಂದ ವಾರದಲ್ಲೇ ಗೊತ್ತಾಯಿತು, ನನ್ನ ಮಾವನೂ ಅವರ ಅಣ್ಣ ದೊಡ್ಡಮಾವನೂ ಮಾತು ಬಿಟ್ಟಿದ್ದಾರೆ ಎಂದು. ಹಿಸೆಯಾಗುವಾಗ ಒಂದು ಹಲಸಿನ ಮರ ಯಾರ ಪಾಲಿಗೆ ಬರಬೇಕು ಎಂದು ಬಿಟ್ಟ ಮಾತು ಅದು. ಆ ಮರ ಗಾಳಿಗೆ ಮುರಿದು ಬಿದ್ದು, ಅದರ ಹಲಗೆಯಲ್ಲಿ ಎರಡೂ ಮನೆಗೆ ಊಟದ ಮಣೆಗಳಾದವು, ಮಾತು ಮಾತ್ರ ತಿರುಗಿ ಬರಲಿಲ್ಲ. ದೊಡ್ಡತ್ತೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಹಾಗಾಗಿ ದೊಡ್ಡಮಾವನ ಊಟ ನಮ್ಮಲ್ಲೇ. ಇಬ್ಬರೂ ಅದೇ ಮಣೆಗಳ ಮೇಲೆ ಅಕ್ಕಪಕ್ಕ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಿದ್ದರು.

ಸುದ್ದಿ ದಾಟಿಸುವ ಕೆಲಸ ನನ್ನದು. "ಕೂಸೇ, ತಂಬುಳಿಗೆ ಉಪ್ಪು ಕಡಿಮೆ ಆಯ್ದು ಹೇಳಿ ಅಂವಂಗೆ ಹೇಳು" ಎಂದು ಮಾವ ಹೇಳುವರು. ಅಂವ ಎಂದರೆ ಮೊಳದಾಚೆ ಕೂತು ಅದೇ ತಂಬುಳಿ ಸೊರ್ರೆಂದು ಹೀರುತ್ತಿರುವ ಅಣ್ಣ. ಇಬ್ಬರ ಕಿವಿಯೂ ಚುರುಕು. ಆದರೂ ನಾನು ಇನ್ನೊಮ್ಮೆ ಬಾಯಿಬಿಟ್ಟು ಹೇಳದಿದ್ದರೆ ಅದು ಮುಟ್ಟಿದ ಲೆಕ್ಕವಲ್ಲ. ನಾನು ಹೇಳುತ್ತಿದ್ದೆ, ಜೊತೆಗೆ ಉಪ್ಪಿನ ಮರಿಗೆಯನ್ನು ಇಬ್ಬರ ನಡುವೆ ಕುಕ್ಕುತ್ತಿದ್ದೆ.

ಮಾವ ಗುಡ್ಡದ ದೇವರ ಪೂಜಾರಿ. ದೇವರೆಂದರೆ ಆಳೆತ್ತರದ ಒಂದು ಕರಿಕಲ್ಲು, ಊರವರಿಗೆ ಬಯಲು ಭೂತಪ್ಪ. ಈ ಭೂತಪ್ಪನಿಗೆ ತಲೆಯ ಮೇಲೆ ಸೂರು ಆಗುವುದಿಲ್ಲ. ಹಿಂದೊಮ್ಮೆ ಅಡಿಕೆ ಸೋಗೆ ಹೊದಿಸಿದರಂತೆ, ಬೆಂಕಿ ಬಿತ್ತು. ಹಂಚು ಹಾಕಿದರಂತೆ, ಒಂದೂ ಉಳಿಯಲಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಯಾರೋ ಭಕ್ತರು ತಗಡು ಹೊಡೆಸಿದ್ದರು. ಮೊದಲ ಮಳೆಗಾಳಿಗೇ ಅದು ಹಾರಿ ಕೆಳಗಿನ ಗದ್ದೆಯಲ್ಲಿ ಬಿತ್ತು. ಈಗ ಅದೇ ತಗಡು ಗದ್ದೆಯ ಯಜಮಾನರ ಕೊಟ್ಟಿಗೆಯ ಮೇಲಿದೆ, ಯಾವ ಗಾಳಿಗೂ ಅಲ್ಲಾಡಿಲ್ಲ. ಭೂತಪ್ಪನಿಗೆ ಆಕಾಶ ಕಾಣಬೇಕು, ಅಷ್ಟೇ. ಆದ್ದರಿಂದ ಆ ಗುಡ್ಡದ ಮೇಲೆ ಸೂರಿರುವ ಏನನ್ನೂ ಕಟ್ಟಬಾರದು ಎಂಬುದು ಕಟ್ಟಳೆ. ಮಳೆಗಾಲದಲ್ಲಿ ಮಾವ ಛತ್ರಿ ಹಿಡಿದೇ ಪೂಜೆಗೆ ಹೋಗುತ್ತಿದ್ದರು, ಆದರೆ ಛತ್ರಿಯ ಅಂಚು ದೇವರ ಮೇಲೆ ಬರಬಾರದೆಂದು ದೂರ ನಿಂತು ಕೈಚಾಚಿ ಹೂ ಎಸೆಯುತ್ತಿದ್ದರು. ಅರ್ಧ ಹೂ ದೇವರಿಗೆ, ಅರ್ಧ ಕೆಸರಿಗೆ.

ದೊಡ್ಡಮಾವ ನಿವೃತ್ತ ಮಾಸ್ತರು. ಊರ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು, ಮಾವನಿಗೂ ಕಲಿಸಿದವರು. ಅವರಿಗೆ ಶನಿಗ್ರಹದ ಹುಚ್ಚು. ಗ್ರಹಗಳ ಪಾಠ ಬಂದಾಗ ಉಳಿದವನ್ನೆಲ್ಲ ಒಂದೊಂದು ಸೊನ್ನೆ ಸುತ್ತಿ ಮುಗಿಸಿ, ಶನಿಗೆ ಮಾತ್ರ ಬೋರ್ಡು ಪೂರ್ತಿ ಒರೆಸಿ, ಉಂಗುರಗಳನ್ನು ಓರೆಯಾಗಿ, ಒಂದು ಬದಿ ಎತ್ತಿ, ಬಿಡಿಸುತ್ತಿದ್ದರಂತೆ. ಒಮ್ಮೆ ಶಾಲೆಗೆ ಬಂದ ಇನ್‌ಸ್ಪೆಕ್ಟರು ಮಕ್ಕಳೆದುರೇ, ಇದೇನ್ರಿ ಸೊಟ್ಟ ಬರೆದಿದ್ದೀರಿ, ನೆಟ್ಟಗೆ ಬರೀರಿ ಎಂದರಂತೆ. ದೊಡ್ಡಮಾವ ತಿದ್ದಲಿಲ್ಲ. ಆದರೆ ಅದು ಅವರ ಹೊಟ್ಟೆಯಲ್ಲಿ ಉಳಿಯಿತು, ಏಕೆಂದರೆ ಅವರೂ ಪುಸ್ತಕದಲ್ಲಿ ನೋಡಿದವರೇ ಹೊರತು ಕಣ್ಣಾರೆ ಕಂಡವರಲ್ಲ.

ಇದು ನನಗೆ ಗೊತ್ತಾದದ್ದು ಅವರ ಕಣ್ಣಿಗೆ ಔಷಧ ಬಿಡುವಾಗ. ಒಂದು ಕಣ್ಣು ಹೋಗಿಯೇ ಬಿಟ್ಟಿತ್ತು, ಇನ್ನೊಂದರ ನರ ಒಣಗುತ್ತಿದೆ, ಇದ್ದಷ್ಟು ದಿನ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ಅವರ ಜಗಲಿಯಲ್ಲಿ ನಾನು ಹನಿ ಬಿಡುತ್ತಿದ್ದೆ. ಮಾವ ಕೇಳಿದರೆ ತಲೆನೋವಿನ ಎಣ್ಣೆ ಎಂದು ಹೇಳಬೇಕು ಎಂದು ತಾಕೀತು.

"ಅಷ್ಟು ವರ್ಷ ಓರೆ ಹೇಳೇ ಕಲಿಸಿದ್ದೆ ಕೂಸೇ. ಓರೆ ಹೌದಾ ಅಲ್ದಾ ಹೇಳಿ ಕಣ್ಣು ಹೋಪದ್ರೊಳಗೆ ಒಂದ್ಸಲ ನೋಡವು" ಎಂದರು ಒಂದು ದಿನ. ಹನಿ ಮೂಗಿನ ಮೇಲೆ ಬಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಯಾವುದೋ ಸಂಸ್ಥೆಯವರು ದೊಡ್ಡ ದುರ್ಬೀನು ಇಡಲು ಎತ್ತರದ ಗುಡ್ಡ ಹುಡುಕುತ್ತಿದ್ದಾರೆ ಎಂಬ ಸುದ್ದಿ ದೊಡ್ಡಮಾವನಿಗೆ ಹೇಗೋ ಸಿಕ್ಕಿತು. ಬರೆದು ಕರೆಸಿಯೇ ಬಿಟ್ಟರು. ಬಂದವರು ಬೆಂಗಳೂರಿನ ಒಬ್ಬ ವಿಜ್ಞಾನಿ, ಮರ್ಯಾದೆಗೆ ನಮ್ಮ ಬಾಯಲ್ಲಿ ವಿಜ್ಞಾನಿಗಳು, ದಪ್ಪ ಕನ್ನಡಕದ, ಬಹಳ ತಾಳ್ಮೆಯ ಮನುಷ್ಯ. ಆ ತಾಳ್ಮೆ ಇಲ್ಲದಿದ್ದರೆ ಅವರು ಮೊದಲ ಸಭೆಯ ದಿನವೇ ಬಸ್ಸು ಹತ್ತುತ್ತಿದ್ದರು.

ಮೊದಲ ಸಭೆ ನಮ್ಮ ಅಂಗಳದಲ್ಲಿ. ಎಲೆಯಡಿಕೆ ಕವಳದ ಬಟ್ಟಲು ಎರಡು ಸುತ್ತು ತಿರುಗಿತು. ನನ್ನ ಗಂಡ ಜಾಣ, ಸಭೆ ಇದ್ದ ದಿನ ಅವರಿಗೆ ಶಿರಸಿಯಲ್ಲಿ ಕೆಲಸ ಬೀಳುತ್ತಿತ್ತು. ದೊಡ್ಡಮಾವ ಎದ್ದು ನಿಂತು ಪಾಠದ ಧಾಟಿಯಲ್ಲೇ ಶುರುಮಾಡಿದರು. ಈ ದುರ್ಬೀನು ಬಂದರೆ ಕೋಟ್ಯಂತರ ಮೈಲಿ ದೂರವಿರುವ ಶನಿಯನ್ನು ನಮ್ಮ ಹತ್ತಿರಕ್ಕೆ ತರುತ್ತದೆ, ಇಗೋ ಈ ತೆಂಗಿನಮರದಷ್ಟು ಹತ್ತಿರ ಎಂದು ಬೆರಳು ಮಾಡಿ ತೋರಿಸಿದರು.

ಎಲ್ಲರೂ ಆ ತೆಂಗಿನಮರ ನೋಡಿದರು. ಊರಿನಲ್ಲಿ ಪ್ರತಿ ಶನಿವಾರ ಎಳ್ಳೆಣ್ಣೆ ದೀಪ ಹಚ್ಚದ ಮನೆಯಿಲ್ಲ, ಅದು ಶನಿ ದೂರ ಇರಲಿ ಎಂದು. ಈ ಮಾಸ್ತರು ಅವನನ್ನು ಕೊಳವೆ ಹಾಕಿ ಎಳೆದು ತರುತ್ತೇನೆ ಎನ್ನುತ್ತಿದ್ದಾರೆ. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಬಾ ಎಂದು ಕರೆದ ಹಾಗಾಯಿತು ಎಂದು ಹಿರಿಯರೊಬ್ಬರು ಎದ್ದೇಬಿಟ್ಟರು. ನಿಜವಾಗಿ ಹತ್ತಿರ ಬರುವುದಿಲ್ಲ, ಬಂದ ಹಾಗೆ ಕಾಣುತ್ತದೆ ಅಷ್ಟೇ ಎಂದು ವಿಜ್ಞಾನಿಗಳು ಬಿಡಿಸಿ ಹೇಳಿದರು. ನಮಗೆ ಅಂವ ಕಾಣುವುದಾದರೆ ಅಂವನಿಗೆ ನಾವು ಕಾಣುವುದಿಲ್ಲವೇ ಎಂದು ಹಿಂದಿನಿಂದ ಒಂದು ದನಿ ಬಂತು. ವಿಜ್ಞಾನಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

ಎಲ್ಲರಿಗಿಂತ ಹೆಚ್ಚು ಹೆದರಿದವರು ಮಾವ. ಅವರಿಗೆ ಆಗ ಸಾಡೇಸಾತಿ, ಏಳೂವರೆ ವರ್ಷದ ಶನಿಕಾಟ, ಅದೂ ನಡುಮಧ್ಯದಲ್ಲಿ. ಆಕಳು ಗಬ್ಬ ನಿಲ್ಲದಿದ್ದರೂ ಸಾಡೇಸಾತಿ, ಪಂಪು ಸುಟ್ಟರೂ ಸಾಡೇಸಾತಿ, ನನ್ನ ದೋಸೆ ಕಾವಲಿಗೆ ಅಂಟಿದರೂ ಸಾಡೇಸಾತಿ. ಶನಿ ಎಂಬ ಹೆಸರನ್ನೂ ಬಾಯಲ್ಲಿ ಆಡದೆ 'ಆ ನಿಧಾನದಂವ' ಎನ್ನುತ್ತಿದ್ದರು. ಆದರೆ ತುಂಬಿದ ಸಭೆಯಲ್ಲಿ ನನಗೆ ಹೆದರಿಕೆ ಎನ್ನಲಾದೀತೇ? ಅವರು ಸೂರಿನ ಕಟ್ಟಳೆ ಹಿಡಿದರು. ದುರ್ಬೀನಿಗೆ ಗುಮ್ಮಟ ಬೇಕು ತಾನೇ, ಗುಮ್ಮಟ ಎಂದರೆ ಸೂರು ತಾನೇ, ಭೂತಪ್ಪನಿಗೆ ಆಗದು, ಮುಗಿಯಿತು ಎಂದರು.

ಮುಗಿಯಲಿಲ್ಲ. ಗುಮ್ಮಟವನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತೇವೆ ಎಂದು ವಿಜ್ಞಾನಿಗಳು ಹೇಳಿದ್ದೇ ತಡ, ಊರು ಎರಡಾಯಿತು. ತೆರೆಯುವ ಸೂರು ಸೂರೋ ಅಲ್ಲವೋ? ಇದೊಂದು ಪ್ರಶ್ನೆಯ ಮೇಲೆ ಒಂದು ಅಡಿಕೆ ಕೊಯ್ಲು ಮುಗಿಯಿತು, ಒಂದು ಮಳೆಗಾಲ ಕಳೆಯಿತು, ಎರಡು ಮದುವೆಯ ಊಟದ ಪಂಕ್ತಿಗಳು ಜಗಳದಲ್ಲಿ ಎದ್ದವು. ಒಂದೇ ನೊಗಕ್ಕೆ ಕಟ್ಟಿದ ಎತ್ತು ಕೋಣಗಳ ಹಾಗೆ ಒಬ್ಬರು ಏರಿಗೆ ಎಳೆದರೆ ಇನ್ನೊಬ್ಬರು ನೀರಿಗೆ. ಬೇಕು ಎನ್ನುವವರು ದೊಡ್ಡಮಾವನ ಜಗಲಿಯಲ್ಲಿ, ಬೇಡ ಎನ್ನುವವರು ನಮ್ಮ ಜಗಲಿಯಲ್ಲಿ. ನಡುವೆ ಒಂದೇ ಅಂಗಳ, ಒಂದೇ ಚಾ ಪಾತ್ರೆ, ಒಬ್ಬಳೇ ನಾನು.

ದೊಡ್ಡಮಾವ ಒಂದು ದಿನ ಜಗಲಿಯಿಂದ ಬಾಣ ಬಿಟ್ಟರು. "ಮಳೆಗಾಲದಲ್ಲಿ ಅಂವ ಹಿಡಕಂಡು ಹೋಪ ಛತ್ರಿ ಎಂತದು ಹೇಳಿ ಕೇಳು. ಗುಮ್ಮಟ ಅಂದ್ರೆ ಆ ಕೊಳವೆಯ ಛತ್ರಿ, ಅಷ್ಟೇಯ."

ನಾನು ಅಂಗಳ ದಾಟಿ ಬಂದು ಇದನ್ನು ಒಪ್ಪಿಸಿದೆ. ಮಾವ ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ಯೋಚಿಸಿ, ಛತ್ರಿಯನ್ನು ಮನುಷ್ಯ ಹಿಡಿದಿರುತ್ತಾನೆ, ಗುಮ್ಮಟವನ್ನು ಯಾರು ಹಿಡಿದಿರುತ್ತಾರೆ ಎಂದು ಕೇಳು ಎಂದರು. ಮತ್ತೆ ಅಂಗಳ ದಾಟಿದೆ. ಹಿಡಿದುಕೊಳ್ಳಲು ಒಬ್ಬ ನೌಕರನನ್ನು ಇಡುತ್ತಾರಂತೆ ಎಂದು ಉತ್ತರ ಬಂತು. ಆ ನೌಕರಿ ಯಾರಿಗೆ ಎಂದು ನಮ್ಮ ಜಗಲಿಯಲ್ಲೇ ಇಬ್ಬರು ಮೆಲ್ಲಗೆ ವಿಚಾರಿಸಿದರು, ಮಾರನೇ ದಿನದಿಂದ ಆ ಇಬ್ಬರೂ ಆಚೆ ಜಗಲಿಯಲ್ಲಿ ಕೂತಿದ್ದರು.

ಕಡೆಗೆ ಉಳಿದದ್ದು ಒಂದೇ ದಾರಿ, ದೇವರನ್ನೇ ಕೇಳುವುದು. ನಮ್ಮಲ್ಲಿ ಪ್ರಸಾದ ಕೇಳುವುದೆಂದರೆ ನೀರು ಹನಿಸಿದ ಕಲ್ಲಿಗೆ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳು ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಒಂದು ಬೆಳಿಗ್ಗೆ ಊರಿಗೆ ಊರೇ ಗುಡ್ಡ ಹತ್ತಿತು. ವಿಜ್ಞಾನಿಗಳೂ ಅಂಗಿ ಬಿಚ್ಚಿ, ಪಂಚೆ ಉಟ್ಟು, ಕೈಮುಗಿದು ನಿಂತರು. ಮಾವ ಎಸಳು ಅಂಟಿಸಿ ದುರ್ಬೀನು ಬರಬಹುದೋ ಎಂದು ಗಟ್ಟಿಯಾಗಿ ಕೇಳಿದರು.

ಎಸಳು ಬೀಳಲಿಲ್ಲ. ಬಿಸಿಲು ಏರಿತು. ಎಸಳು ಒಣಗಿ ಕಲ್ಲಿಗೆ ಕಚ್ಚಿಕೊಂಡಿತು. ಎಡದವರು ಎಡಕ್ಕೆ ನೋಡಿ, ಬಲದವರು ಬಲಕ್ಕೆ ನೋಡಿ, ಎಲ್ಲರ ಕುತ್ತಿಗೆಯೂ ಹಿಡಿಯಿತು. ನನಗೆ ಬೆಳಗಿನ ಆಸ್ರಿಯ, ತಿಂಡಿಯ, ಪಾತ್ರೆಗಳು ಕೊಟ್ಟಿಗೆಯ ಪಕ್ಕ ಹಾಗೇ ಬಿದ್ದಿದ್ದು ನೆನಪಾಗಿ ಮೈ ಉರಿಯುತ್ತಿತ್ತು. ಅಷ್ಟರಲ್ಲಿ ಒಂದು ಕೆಂಪಿರುವೆ ಬಂತು. ಎಸಳಿನ ಸುತ್ತ ಒಂದು ಸುತ್ತು ಹಾಕಿತು, ಕಚ್ಚಿ ಎಬ್ಬಿಸಿತು, ಹೊತ್ತುಕೊಂಡು ನೇರ ಮೇಲೆ ಏರಿ, ದೇವರ ನೆತ್ತಿ ದಾಟಿ, ಹಿಂಬದಿಯಿಂದ ಇಳಿದು ಹೋಯಿತು.

ಮೇಲೆ ಹೋಯಿತು, ಮೇಲೆ ನೋಡಿ ಎಂದು ಅಪ್ಪಣೆಯಾಯಿತು ಎಂದು ಒಂದು ಕಡೆ. ಹಿಂದೆ ಹೋಯಿತು, ಹಿಂದಕ್ಕೆ ಹೋಗಿ ಎಂದು ಅಪ್ಪಣೆಯಾಯಿತು ಎಂದು ಇನ್ನೊಂದು ಕಡೆ. ಇರುವೆ ಹೊತ್ತದ್ದು ಲೆಕ್ಕಕ್ಕಿಲ್ಲ ಎಂದು ಕೆಲವರು. ಇರುವೆಯನ್ನು ಕಳಿಸಿದವರು ಯಾರು ಎಂದು ಹಲವರು. ನಾನು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ವಿಜ್ಞಾನಿಗಳು ಮಾತ್ರ ಇರುವೆಯನ್ನೇ ಗಂಭೀರವಾಗಿ ನೋಡುತ್ತ, ಇದು ಉತ್ತರ ದಿಕ್ಕಿಗೆ ಹೋಯಿತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒಂದು ವರ್ಷ ನಮ್ಮ ಚಾ ಕುಡಿದ ಪರಿಣಾಮ ಇರಬೇಕು.

ಹಸಿವಾಗಿತ್ತಾದ್ದರಿಂದ ರಾಜಿಯಾಯಿತು. ಮೊದಲು ಪರೀಕ್ಷೆಗೆಂದು ಒಂದು ಸಣ್ಣ ದುರ್ಬೀನು ತರುವುದು, ಬಯಲಲ್ಲೇ ಇಡುವುದು, ಸೂರು ಹಾಕದಿರುವುದು, ನಾಲ್ಕಾರು ಸಂಜೆ ನೋಡುವುದು. ಬಯಲಾದರೆ ಭೂತಪ್ಪನ ತಕರಾರಿಲ್ಲ ಎಂದು ಮಾವ ಒಪ್ಪಿದರು. ಆದರೆ ತಾನು ಮಾತ್ರ ಆ ನಿಧಾನದವನ ಮುಖ ನೋಡುವವನಲ್ಲ, ಸಾಡೇಸಾತಿ ಮುಗಿಯುವತನಕ ಆ ಕೊಳವೆಗೆ ಬೆನ್ನು ಹಾಕಿಯೇ ನಿಲ್ಲುತ್ತೇನೆ ಎಂದು ದೇವರೆದುರು ಹೇಳಿಕೊಂಡರು.

ಮಾಘಮಾಸದಲ್ಲಿ ಸಾಮಾನು ಬಂತು. ತಂದ ಜೀಪು ಶಿರಸಿಯ ಒಬ್ಬ ಸಾಹೇಬರದು. ನಾನು ಕೊಟ್ಟ ಚಾ ಕುಡಿಯುತ್ತ ಅವರು ಯೋಚನೆಯಲ್ಲಿ ಬಿದ್ದಿದ್ದರು. "ನಮ್ಮಲ್ಲಿ ರಂಜಾನ್ ಹಬ್ಬದ ಚಂದ್ರ ಕಂಡ, ಕಾಣಲಿಲ್ಲ ಅಂತ ವರ್ಷವರ್ಷ ವಾದ ಆಗ್ತದೆ ಅಮ್ಮಾ. ಇಂಥದ್ದು ಬಂದ್ರೆ ಆಮೇಲೆ ವಾದ ಮಾಡೋಕೆ ಏನು ಉಳೀತದೆ?" ಎಂದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಮಾವ ನನ್ನ ಕೈ ಹಿಡಿದು ಗುಡ್ಡ ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಶಾಲೆಗೆ ಹೊರಟವರ ಹಾಗೆ. ಔಷಧವನ್ನು ಅಂದು ಎರಡು ಸಲ ಬಿಡಿಸಿಕೊಂಡಿದ್ದರು, ಬೇಡ ಎಂದರೂ ಕೇಳಿರಲಿಲ್ಲ. ಮೇಲೆ ಊರವರೆಲ್ಲ ಸಾಲಾಗಿ ನಿಂತಿದ್ದರು. ಶನಿ ಬೇಡ ಎಂದವರೇ ಸಾಲಿನಲ್ಲಿ ಮುಂದಿದ್ದರು. ಮಾವ ತಾನು ಹೇಳಿದ್ದಂತೆ ದೂರದಲ್ಲಿ, ಭೂತಪ್ಪನ ಪಕ್ಕ, ಎಳ್ಳೆಣ್ಣೆ ದೀಪ ಹಚ್ಚಿಕೊಂಡು ಬೆನ್ನು ತಿರುಗಿಸಿ ನಿಂತಿದ್ದರು.

ಮೊದಲ ಮರ್ಯಾದೆ ಮಾಸ್ತರಿಗೆ ಎಂದು ವಿಜ್ಞಾನಿಗಳು ದೊಡ್ಡಮಾವನನ್ನು ಕರೆದರು. ಅವರು ಬಗ್ಗಿ ಕಣ್ಣು ಇಟ್ಟರು. ಕಾಣ್ತಾ ಸರ್ ಎಂದು ವಿಜ್ಞಾನಿಗಳು ಕೇಳಿದರು. ಇನ್ನೊಂಚೂರು ಸರಿ ಮಾಡಿ ಎಂದರು ದೊಡ್ಡಮಾವ. ಅವರು ತಿರುಪು ತಿರುಗಿಸಿದರು. ಇನ್ನೊಂಚೂರು ಎಂದರು. ಮತ್ತೆ ತಿರುಗಿಸಿದರು. ಹಿಂದೆ ನಿಂತವರು ಮಾಸ್ತರು ಶನಿಯನ್ನು ಮನೆಗೆ ಕಟ್ಟಿಕೊಂಡು ಹೋಗುತ್ತಾರೋ ಹೇಗೆ ಎಂದು ನಗಾಡಿದರು. ದೊಡ್ಡಮಾವ ನಗಲಿಲ್ಲ. ಬಗ್ಗಿದವರು ಏಳಲೂ ಇಲ್ಲ. ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು, ಆಗ ನನಗೆ ಅರ್ಥವಾಯಿತು. ವಿಜ್ಞಾನಿಗಳು ತಪ್ಪಿರುವುದೆಲ್ಲಿ ಎಂದು ತಿರುಪಿನಲ್ಲಿ ಹುಡುಕುತ್ತಿದ್ದರು, ಪಾಪ.

ನಾನು ಕೈ ಬಿಡಿಸಿಕೊಂಡು ನೇರ ಮಾವನ ಹತ್ತಿರ ನಡೆದೆ. "ಮಾವ, ದೊಡ್ಡಮಾವಂಗೆ ಕಣ್ಣು ಕಾಣ್ತಿಲ್ಲೆ" ಎಂದೆ. ಅಷ್ಟು ವರ್ಷಗಳಲ್ಲಿ ಯಾರೂ ಹೇಳಿಕಳಿಸದೆ ನಾನಾಗಿ ದಾಟಿಸಿದ ಸುದ್ದಿ ಅದೊಂದೇ.

ಮಾವ ನನ್ನ ಮುಖ ನೋಡಿದರು. ತಲೆನೋವಿನ ಎಣ್ಣೆ ಎಂದು ಗೊಣಗಿದರು. ಆಮೇಲೆ ದೀಪವನ್ನು ನನ್ನ ಕೈಗೆ ಕೊಟ್ಟು, ಶನಿಸ್ತೋತ್ರವನ್ನು ಗಡಿಬಿಡಿಯಲ್ಲಿ ಅರ್ಧಂಬರ್ಧ ಹೇಳಿಕೊಳ್ಳುತ್ತ, ದುರ್ಬೀನಿನ ಕಡೆ ನಡೆದರು. ಸಾಲು ತಾನಾಗಿ ಬಿಟ್ಟುಕೊಟ್ಟಿತು. ಅಣ್ಣನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ತಾನು ಬಗ್ಗಿ, ಮೊದಲು ನೋಡಬೇಕಾದ ಕಣ್ಣನ್ನೇ ಮುಚ್ಚಿ, ವಿಜ್ಞಾನಿಗಳು ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿದರು. ಸ್ತೋತ್ರ ನಡುವಿನಲ್ಲೇ ನಿಂತಿತು.

"ಅಣ್ಣಾ" ಎಂದರು.

ಆ ಮನೆಯಲ್ಲಿ ನಾನು ಆ ಕರೆಯನ್ನು ಕೇಳಿಯೇ ಇರಲಿಲ್ಲ.

"ಎಂತದಾ?" ಎಂದರು ದೊಡ್ಡಮಾವ.

"ನೀ ಬೋರ್ಡಿನ ಮೇಲೆ ಬಿಡಸ್ತಿದ್ದ ಹಾಂಗೇ ಇದ್ದು."

"ಓರೆಯಾ?"

"ಓರೆ. ಅದೇ ಓರೆ. ಒಂದ್ಬದಿ ಎತ್ತಿದ್ದು."

ದೊಡ್ಡಮಾವ ಆ ಇನ್‌ಸ್ಪೆಕ್ಟರು ಬದುಕಿದ್ದಾನೋ ಸತ್ತನೋ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಮಾವ ದುರ್ಬೀನಿನಿಂದ ಕಣ್ಣು ಕೀಳದೆಯೇ, ಬಹಳ ಸಮಾಧಾನದ ದನಿಯಲ್ಲಿ, "ಅಂವಂಗೂ ತಲೆ ಮೇಲೆ ಸೂರಿಲ್ಲೆ ಅಣ್ಣಾ, ಬಯಲಲ್ಲೇ ಇದ್ದ" ಎಂದರು. ಸಾಲಿನಲ್ಲಿದ್ದವರು ನಮಗೂ ಬಿಡಿ ಎಂದು ಕೂಗಿದರು, ಮಾವ ಜಾಗ ಬಿಡಲಿಲ್ಲ.

ವಿಜ್ಞಾನಿಗಳು ವಾರವಿದ್ದು, ಮಂಜು ಮುಸುಕಿದ ಎರಡು ಸಂಜೆ ಸುಮ್ಮನೆ ಕೂತು, ಇಲ್ಲಿ ಮಳೆ ಎಷ್ಟು ತಿಂಗಳು ಎಂದು ಮೊದಲ ಬಾರಿಗೆ ವಿಚಾರಿಸಿದರು. ಹೇಳಿದೆವು. ಅರ್ಧ ವರ್ಷ ಮೋಡ ಹೊದ್ದ ಆಕಾಶದಲ್ಲಿ ಅಷ್ಟು ದೊಡ್ಡ ದುರ್ಬೀನಿಗೆ ಏನು ಕೆಲಸ? ಒಣ ಸೀಮೆಯ ಗುಡ್ಡ ಹುಡುಕಿಕೊಂಡು ಅವರು ಹೋದರು. ಮೊದಲ ಸಭೆಯಲ್ಲೇ ಕೇಳಿದ್ದರೆ ಅಂದೇ ಹೇಳುತ್ತಿದ್ದೆವು. ಜಗಳದ ಭರದಲ್ಲಿ ನಮ್ಮೂರಲ್ಲಿ ಮಳೆ ಬರುತ್ತದೆ ಎಂಬುದೇ ನಮಗೆ ನೆನಪಿರಲಿಲ್ಲ. ಸೂರೊಲ್ಲದ ಭೂತಪ್ಪ ಗೆದ್ದ ಎಂದು ಒಂದು ಕಡೆಯವರೂ, ಶನಿಯನ್ನು ಕಂಡೆವಲ್ಲ ಎಂದು ಇನ್ನೊಂದು ಕಡೆಯವರೂ ಇವತ್ತಿಗೂ ಹೇಳಿಕೊಳ್ಳುತ್ತಾರೆ.

ನನಗೆ ನೆನಪಿರುವುದು ಆ ಸಂಜೆಯ ಮಾರನೇ ಬೆಳಿಗ್ಗೆ. ಔಷಧದ ಬಾಟಲಿ ಹಿಡಿದು ಅಂಗಳ ದಾಟುತ್ತಿದ್ದೆ. ಮಾವ ಹಿಂದಿನಿಂದ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಅಣ್ಣನ ಜಗಲಿ ಹತ್ತಿದರು. ಮೊದಲ ಹನಿ ಹುಬ್ಬಿನ ಮೇಲೆ ಬಿತ್ತು. ಎರಡನೆಯದು ಕಿವಿಗೆ.

"ಶನಿಯ ಹುಡುಕಿದವಂಗೆ ಯನ್ನ ಕಣ್ಣು ಸಿಕ್ತಿಲ್ಯನಾ ತಮಾ?" ಎಂದರು ದೊಡ್ಡಮಾವ.

"ಅಲ್ಲಾಡಡ ನೀನು. ಶನಿ ಇಷ್ಟು ಅಲ್ಲಾಡ್ತಿದ್ನಿಲ್ಲೆ."

ನಾನು ಅಂಗಳದ ನಡುವೆ ನಿಂತೇ ಇದ್ದೆ. ಇಬ್ಬರೂ ಬಹಳ ಹೊತ್ತು ಬೈದಾಡಿಕೊಂಡರು. ಅಂವಂಗೆ ಹೇಳು ಎಂದು ಯಾರೂ ನನ್ನನ್ನು ಕರೆಯಲಿಲ್ಲ.